ಹೊರಗಿನ ಸೌದೆ ಒಲೆಯ ಬಾಗಿಲು ಮತ್ತು ಮಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಗೆ ಹತ್ತಿರ ನಮ್ಮ ತೋಟ. ಮನೆಯ ಹೊರಗೆ ಎರಡು ಒಲೆಗಳಿವೆ. ಒಂದು ಅಜ್ಜನ ಕಾಲದ, ಏಲಕ್ಕಿ ಒಣಗಿಸುವ ಗೂಡಿನದು, ಇನ್ನೊಂದು ಹೋಂಸ್ಟೇ ಕೋಣೆಗಳಿಗೆ ಬಿಸಿನೀರು ಕೊಡುವ ಸೌದೆ ಬಾಯ್ಲರ್. ಎರಡರ ಬಾಗಿಲನ್ನೂ ಬದಲಿಸಿದ್ದೇನೆ, ಬಾಯ್ಲರ್ ಮೇಲಿನ ಮಾಡನ್ನಂತೂ ಮೂರು ಸಲ ಕಟ್ಟಿಸಿದ್ದೇನೆ. ಮೊದಲೆರಡು ಸಲ ಹಾಳಾದದ್ದು ನನ್ನ ತಪ್ಪಿನಿಂದಲೇ. ಅದು ಊರಿಗೆಲ್ಲ ಗೊತ್ತಾಗಿ, ಈಗ ಏಪ್ರಿಲ್ ಬಂತೆಂದರೆ ಪಕ್ಕದ ತೋಟದವರು, ನೆಂಟರು, ಹೊಸದಾಗಿ ಹೋಂಸ್ಟೇ ತೆರೆದವರು ಫೋನು ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಯಾವ ಒಲೆಯ ಮಾತು?

ಸೌದೆ ಹಾಕುವ ಬಾಯಿ ಗೋಡೆಯ ಹೊರಗಿದ್ದು, ಅದಕ್ಕೊಂದು ಕಬ್ಬಿಣದ ಬಾಗಿಲು, ಮೇಲೊಂದು ಮಾಡು ಇರುವ ಯಾವ ಒಲೆಯಾದರೂ ಸರಿ. ಬಚ್ಚಲಿನ ಹಂಡೆ ಒಲೆ, ಏಲಕ್ಕಿ ಗೂಡು, ಕಾಫಿ ಡ್ರೈಯರ್‌ನ ಫರ್ನೇಸ್, ಹೋಂಸ್ಟೇ ಬಾಯ್ಲರ್ ಎಲ್ಲದಕ್ಕೂ ಕಾಯಿಲೆ ಒಂದೇ.

ಅಮೆರಿಕ, ಕೆನಡಾದಂಥ ಚಳಿ ದೇಶಗಳಲ್ಲಿ ಮನೆಯಿಂದ ದೂರ ಅಂಗಳದಲ್ಲಿ ತಗಡಿನ ಪುಟ್ಟ ಮನೆಯಂಥ ಫರ್ನೇಸ್ ಇಟ್ಟು, ಅದರಲ್ಲಿ ನೀರು ಕಾಯಿಸಿ ನೆಲದಡಿಯ ಪೈಪಿನಲ್ಲಿ ಮನೆಗೆ ಹರಿಸುತ್ತಾರೆ. ಬಾಗಿಲು, ಮಾಡು ಎಲ್ಲವೂ ಕಾರ್ಖಾನೆಯಿಂದಲೇ ಜೊತೆಗೆ ಬರುತ್ತವೆ. ಬಾಗಿಲಿನ ಮಟ್ಟಿಗೆ ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ. ಮಾಡಿನ ವಿಚಾರಕ್ಕೆ ಬಂದರೆ ಅವರ ಚಿಂತೆ ಹಿಮದ ಭಾರ, ನಮ್ಮ ಚಿಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ.

ನೀರನ್ನು ಬಿಗಿಯಾಗಿ ಮುಚ್ಚಿ ಒತ್ತಡದಲ್ಲಿ ಕಾಯಿಸುವ ಬಾಯ್ಲರ್ ಬೇರೆ ಜಾತಿ. ಅದಕ್ಕೆ ಕೈ ಹಾಕುವುದು ಬಲ್ಲವರ ಕೆಲಸ. ನಾನು ಹೇಳುತ್ತಿರುವುದು ಮೇಲೆ ಗಾಳಿಕೊಳವೆ ತೆರೆದೇ ಇರುವ ಬಾಯ್ಲರ್ ಬಗ್ಗೆ.

ಒಲೆ ಚೆನ್ನಾಗಿಯೇ ಉರಿಯುತ್ತಿದೆ. ಬಾಗಿಲು, ಮಾಡಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

ಉರಿಯುವ ಒಲೆಗೆ ಏನೂ ಆಗುವುದಿಲ್ಲ. ಹಾಳಾಗುವುದು ಆರಿದ ಒಲೆ. ನನಗೆ ಇದು ತಿಳಿಯಲು ಹತ್ತು ವರ್ಷ ಬೇಕಾಯಿತು.

ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವ ವಸ್ತು. ಕಕ್ಕಡ ಮಾಸದ (ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲದ) ಗಾಳಿಯಲ್ಲಿ ಉಪ್ಪಿನ ಡಬ್ಬಿ ನೀರಾಡುವುದನ್ನು ನೋಡಿದ್ದೀರಲ್ಲ, ಒಲೆಯೊಳಗಿನ ಬೂದಿಯದೂ ಅದೇ ಕಥೆ. ಹೊಗೆಯಿಂದ ಕೂತ ಅಂಟಿನಲ್ಲಿ ಹುಳಿ ಅಂಶವಿದೆ. ಈ ಎರಡರ ಜೊತೆಗೆ ಮಾಡಿನಿಂದ ನಾಲ್ಕು ಹನಿ ಬಿದ್ದರೆ ಕಬ್ಬಿಣ ಪದರ ಪದರವಾಗಿ ಏಳುತ್ತದೆ. ಬಾಗಿಲಿನ ಕೆಳ ಅಂಚು, ಕೆಳಗಿನ ಕೀಲು, ಹೊಸ್ತಿಲಿನ ಪಟ್ಟಿ ಮೊದಲು ಹೋಗುತ್ತವೆ, ಏಕೆಂದರೆ ಬೂದಿ ನಿಲ್ಲುವುದು ಅಲ್ಲಿ. ನಮ್ಮ ಏಲಕ್ಕಿ ಗೂಡಿನ ಹಳೆಯ ಬಾಗಿಲಿನ ಮೇಲರ್ಧ ಇನ್ನೂ ಗಟ್ಟಿಯಾಗಿಯೇ ಇತ್ತು. ಕೆಳಗಿನ ಮೂರು ಇಂಚನ್ನು ಮಾತ್ರ ಬೆರಳಿನಿಂದ ಮುರಿಯಬಹುದಿತ್ತು.

ಹೊಗೆ ಸೋರುವ ಬಾಗಿಲಿನ ನಷ್ಟ ಬೇರೆ ರೀತಿಯದು. ಸಂದಿಯಿಂದ ಗಾಳಿ ನುಗ್ಗಿದರೆ ಉರಿ ನಮ್ಮ ಮಾತು ಕೇಳುವುದಿಲ್ಲ. ಏಲಕ್ಕಿಯನ್ನು ಸುಮಾರು 45ರಿಂದ 50 ಡಿಗ್ರಿಯಲ್ಲಿ ನಿಧಾನಕ್ಕೆ ಒಣಗಿಸಿದರೆ ಹಸಿರು ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಗೂಡು ತಾನಾಗಿ ಬಿಸಿ ಏರಿದರೆ ಬೆಳಗ್ಗೆ ಸಿಗುವುದು ಹಳದಿ ಕಾಯಿ. ಬಾಯ್ಲರ್ ಆದರೆ ನೀರು ಕುದಿದು ಆವಿಯಾಗುತ್ತದೆ, ಸೌದೆ ದುಪ್ಪಟ್ಟು ಹೋಗುತ್ತದೆ.

ಬಾಗಿಲಿನ ಸಂದಿಯಿಂದ ಹೊಗೆ ಬರುತ್ತಿದೆ. ಬಾಗಿಲಿನ ಅಂಚಿನ ಸುತ್ತ ಸಂದಿ ಮುಚ್ಚಲು ಕೂರಿಸಿದ ಹಗ್ಗ ಬದಲಿಸಬೇಕೇ?

ಮೊದಲು ಹಗ್ಗದ ಮೇಲೆ ಗುಮಾನಿ ಬೇಡ. ಚಿಮಣಿಯಲ್ಲಿ ಇಲ್ಲಣ ಕಟ್ಟಿದ್ದರೂ ಹೊಗೆ ಹಿಂದಕ್ಕೆ ತಿರುಗಿ ಬಾಗಿಲಿನಿಂದಲೇ ಬರುತ್ತದೆ. ಚಿಮಣಿಯೊಳಗೆ ಬ್ರಷ್ ಆಡಿಸಿ ನೋಡಿ. ಅರ್ಧ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಚಿಮಣಿ ಸರಿಯಿದ್ದರೆ ಕಾಗದ ಇಟ್ಟು ಪರೀಕ್ಷೆ ಮಾಡಿ. ಒಲೆ ಪೂರ್ತಿ ತಣ್ಣಗಿರುವಾಗ ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಚಿಲಕ ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಆ ಜಾಗ ಚೆನ್ನಾಗಿದೆ. ಜಾರಿ ಬಂದರೆ ಅಲ್ಲಿ ಸಂದಿ ಇದೆ. ನಾಲ್ಕೂ ಬದಿಯಲ್ಲಿ, ಒಂದೊಂದು ಬದಿಗೆ ಮೂರು ಕಡೆ ಹೀಗೆ ನೋಡಿ, ಸಡಿಲ ಇದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಗುರುತುಗಳೆಲ್ಲ ಚಿಲಕದ ಬದಿಯಲ್ಲೇ ಬಿದ್ದರೆ ಚಿಲಕದ ಕೊಂಡಿಯನ್ನು ಸ್ವಲ್ಪ ಒಳಗೆ ತಳ್ಳಿದರೆ ಸಾಕು. ಚಿಲಕದ ಬದಿಯ ಕೆಳ ಮೂಲೆ ಹೊಸ್ತಿಲಿಗೆ ಉಜ್ಜುತ್ತಾ ಮೇಲೆ ಸಂದಿ ಬಿಟ್ಟಿದ್ದರೆ ಕೀಲು ಸವೆದು ಬಾಗಿಲು ಜೋತಿದೆ ಎಂದರ್ಥ. ಕೀಲಿನ ಪಿನ್ನಿಗೆ ಒಂದು ವಾಷರ್ ಸೇರಿಸಿದರೆ ಬಾಗಿಲು ಎದ್ದು ನಿಲ್ಲುತ್ತದೆ. ಸುತ್ತಲೂ ಅಲ್ಲಲ್ಲಿ ಸಡಿಲವಿದ್ದು ಹಗ್ಗ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಆಗ ಹಗ್ಗ ಬದಲಿಸಿ.

ಯಾವ ಹಗ್ಗ? ಹಾಕುವುದು ಹೇಗೆ?

ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಲಾಸ್ ಫೈಬರ್ ಹಗ್ಗ ಮತ್ತು ಸೆರಾಮಿಕ್ ಹಗ್ಗ ಎರಡೂ ಕೇಳಿ. ಗ್ಲಾಸ್ ಫೈಬರ್ ಸುಮಾರು 500 ಡಿಗ್ರಿವರೆಗೆ ತಾಳುತ್ತದೆ, ಮನೆಬಳಕೆಯ ಬಾಯ್ಲರ್ ಬಾಗಿಲಿಗೆ ಅಷ್ಟು ಸಾಕು. ಬಾಗಿಲಿನ ಒಳಮೈಗೆ ಇಟ್ಟಿಗೆ ಕಟ್ಟಿಲ್ಲದೆ ಉರಿ ನೇರ ತಾಗುವಂತಿದ್ದರೆ ಸೆರಾಮಿಕ್ ಹಾಕಿ. ದಪ್ಪ ಎಷ್ಟೆಂದು ಕಣ್ಣಂದಾಜಿನಲ್ಲಿ ಹೇಳಬೇಡಿ, ಹಳೆಯ ಹಗ್ಗದ ತುಂಡೊಂದನ್ನು ಕೊಂಡೊಯ್ಯಿರಿ. ತುಳಿಸಿಕೊಳ್ಳದೆ ಉಳಿದ ಜಾಗದ್ದನ್ನು ಕತ್ತರಿಸಿ. ಒತ್ತಿ ಚಪ್ಪಟೆಯಾದ ತುಂಡು ತೋರಿಸಿದರೆ ತೆಳು ಹಗ್ಗ ಕೊಟ್ಟು ಕಳಿಸುತ್ತಾರೆ.

ಒಂದು ಎಚ್ಚರಿಕೆ. ಹಳೆಯ ಒಲೆಗಳಲ್ಲಿ ಇರುವುದು ಅಸ್ಬೆಸ್ಟಾಸ್ ಹಗ್ಗವಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಂಡ ಕೂಡಲೇ ಒಣ ಉಳಿಯಿಂದ ಕೆರೆಯಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಮೂಗಿಗೆ ಸರಿಯಾದ ಮಾಸ್ಕ್ ಹಾಕಿ, ಇಡಿಯಾಗಿ ಎಬ್ಬಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮಕ್ಕಳನ್ನು ದೂರ ಇಡಿ.

ಹಗ್ಗ ಕೂರುವ ಗಾಡಿಯನ್ನು, ಅಂದರೆ ಬಾಗಿಲಿನ ತೋಡನ್ನು, ತಂತಿ ಬ್ರಷ್‌ನಿಂದ ಬೆಳ್ಳಗಾಗುವವರೆಗೆ ಉಜ್ಜಿ. ಶಾಖ ತಡೆಯುವ ಅಂಟನ್ನು ತೆಳ್ಳಗೆ ಸವರಿ, ಹಗ್ಗವನ್ನು ಎಳೆಯದೆ, ಸುಮ್ಮನೆ ಮಲಗಿಸುತ್ತಾ ಬನ್ನಿ. ಎಳೆದು ಕೂರಿಸಿದರೆ ಸಣ್ಣದಾಗುತ್ತದೆ, ನಾಳೆ ಅಲ್ಲೇ ಹೊಗೆ. ಎರಡು ತುದಿ ಕೂಡುವ ಜಾಗ ಮೇಲ್ಗಡೆ ಬರದಿರಲಿ, ಬಿಸಿ ಹೊಗೆ ಒತ್ತುವುದೇ ಅಲ್ಲಿ. ಕೀಲಿನ ಬದಿಗೆ ಬರಲಿ. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಡ್ಡ ಇಟ್ಟು ಬಾಗಿಲು ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆ ತೆಗೆಯುವುದನ್ನು ಮರೆಯಬೇಡಿ. ನಾನು ಮರೆತಿದ್ದೇನೆ.

ಬಾಗಿಲೇ ಸೊಟ್ಟಗಾಗಿದೆ. ಬಡಿದು ನೇರ ಮಾಡಬಹುದೇ?

ಬಡಿಯಬಹುದು, ಮುಂದಿನ ತಿಂಗಳು ಮತ್ತೆ ಸೊಟ್ಟಗಾಗುತ್ತದೆ. ಬಾಗಿಲು ಬಾಗುವುದು ಒಳಮೈಗೂ ಹೊರಮೈಗೂ ಬಿಸಿಯಲ್ಲಿ ತುಂಬ ವ್ಯತ್ಯಾಸ ಇರುವುದರಿಂದ. ಒಳಗೆ ಬೆಂಕಿ ಇಟ್ಟಿಗೆ ಅಥವಾ ಸೆರಾಮಿಕ್ ಹಲಗೆ ಇದ್ದು, ಅದು ಒಡೆದು ಬಿದ್ದಿದ್ದರೆ ಮೊದಲು ಅದನ್ನು ಸರಿಪಡಿಸಿ. ಏನೂ ಇಲ್ಲದ ಒಂಟಿ ತಗಡಿನ ಬಾಗಿಲಾದರೆ ಒಳಗಡೆ ಒಂದು ಇಂಚು ಬಿಟ್ಟು ಇನ್ನೊಂದು ತಗಡನ್ನು ಬೋಲ್ಟ್ ಹಾಕಿಸಿ. ವೆಲ್ಡ್ ಮಾಡಿಸಬೇಡಿ. ಉರಿ ತಿನ್ನುವುದು ಆ ತಗಡನ್ನು, ಸುಟ್ಟುಹೋದಾಗ ಬೋಲ್ಟ್ ಬಿಚ್ಚಿ ಬದಲಿಸಬಹುದು. ಬೋಲ್ಟಿನ ತೂತು ಸ್ವಲ್ಪ ದೊಡ್ಡದಿರಲಿ, ತಗಡು ಹಿಗ್ಗಲು ಜಾಗ ಬೇಕು.

ನಮ್ಮ ಎರಡನೇ ಬಾಗಿಲನ್ನು ಮಾಡಿಕೊಟ್ಟ ವೆಲ್ಡಿಂಗ್‌ನವರು ಗೇಟಿಗೆ ಬಳಸುವ ತೆಳು ತಗಡನ್ನೇ ಹಾಕಿ, ಮೇಲೆ ಚಂದದ ಹೂವಿನ ವಿನ್ಯಾಸ ಕೂರಿಸಿದ್ದರು. ಒಂದು ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ಅದು ಹಪ್ಪಳದಂತೆ ಬಾಗಿತ್ತು. ಹೂವು ಮಾತ್ರ ಈಗಲೂ ಚೆನ್ನಾಗಿದೆ, ಕೋಳಿಗೂಡಿನ ಬಾಗಿಲಿಗೆ ಹಾಕಿದ್ದೇವೆ.

ಬಾಗಿಲಿನ ಒಳಮೈಯಲ್ಲಿ ಡಾಂಬರಿನಂತೆ ಕಪ್ಪು ಅಂಟು ಇಳಿಯುತ್ತದೆ. ಏನದು?

ಪೂರ್ತಿ ಉರಿಯದ ಹೊಗೆ, ತಣ್ಣಗಿರುವ ಕಬ್ಬಿಣಕ್ಕೆ ತಾಗಿ ನೀರಾದದ್ದು. ಕಾರಣ ಹಸಿ ಸೌದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಸಿಲ್ವರ್ ಓಕ್ ಗೆಲ್ಲು ಸವರಿದ ವಾರಕ್ಕೇ ಒಲೆಗೆ ತಳ್ಳುವವರನ್ನು ನಾನು ಬಲ್ಲೆ. ಗಾಳಿಕಿಂಡಿ ಮುಚ್ಚಿ ರಾತ್ರಿಯಿಡೀ ಹೊಗೆಯಾಡಿಸುವುದೂ ಇನ್ನೊಂದು ಕಾರಣ.

ಆ ಅಂಟು ಹಗ್ಗಕ್ಕೆ ಹಿಡಿದರೆ ಬಾಗಿಲು ಮರುದಿನ ತೆರೆಯುವುದೇ ಇಲ್ಲ, ಎಳೆದರೆ ಹಗ್ಗವೇ ಕಿತ್ತು ಬರುತ್ತದೆ. ಚಿಮಣಿಯಲ್ಲಿ ಹಿಡಿದರೆ ಅಪಾಯ, ಅದಕ್ಕೇ ಬೆಂಕಿ ಹತ್ತುತ್ತದೆ. ವಾರಕ್ಕೊಮ್ಮೆ ಒಣ ಸೌದೆ ಹಾಕಿ ಅರ್ಧ ಗಂಟೆ ಚುರುಕಾಗಿ ಉರಿಸಿ. ಅಂಟು ಒಣಗಿ ಸಿಪ್ಪೆಯಾದ ಮೇಲೆ, ಒಲೆ ತಣಿದಾಗ ಕೆರೆಯಿರಿ. ಚಿಮಣಿಯಲ್ಲಿ ಆಗಲೇ ದಪ್ಪಗೆ ಕಟ್ಟಿದ್ದರೆ ಈ ಚುರುಕು ಉರಿ ಬೇಡ, ಮೊದಲು ಬ್ರಷ್. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸುವ ಬುದ್ಧಿವಂತಿಕೆ ಖಂಡಿತ ಬೇಡ.

ಕಾಫಿ ಗಿಡದ ಹಳೆಯ ಬುಡಗಳು ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೆ ಬಹಳ ಒಳ್ಳೆಯ ಸೌದೆ. ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಿಕೊಂಡವರು ಬಾಗಿಲು ಕೆರೆಯುವ ಕೆಲಸ ಮುಕ್ಕಾಲು ಉಳಿಸಿಕೊಂಡಂತೆ.

ಬಾಗಿಲು ತೆಗೆದ ಕೂಡಲೇ ಬೆಂಕಿ ಮುಖಕ್ಕೆ ಹಾರುತ್ತದೆ!

ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮಲ್ಲಿ ಒಲೆ ನೋಡಿಕೊಳ್ಳುವವರಿಗೂ ಇದನ್ನು ತಪ್ಪದೆ ಹೇಳಿ. ಒಳಗೆ ಗಾಳಿ ಸಾಲದೆ ಹೊಗೆ ತುಂಬಿಕೊಂಡಿರುತ್ತದೆ. ಬಾಗಿಲು ಸರ್ರನೆ ತೆಗೆದರೆ ಗಾಳಿ ನುಗ್ಗಿ ಆ ಹೊಗೆಯೇ ಭಗ್ಗನೆ ಹತ್ತಿಕೊಳ್ಳುತ್ತದೆ. ಮೊದಲು ಗಾಳಿಕಿಂಡಿ ತೆರೆಯಿರಿ. ಚಿಮಣಿಗೆ ತಡೆತಗಡು ಇದ್ದರೆ ಅದನ್ನೂ ಪೂರ್ತಿ ತೆರೆಯಿರಿ. ಒಂದು ನಿಮಿಷ ಬಿಟ್ಟು ಬಾಗಿಲನ್ನು ಒಂದು ಇಂಚು ಸರಿಸಿ, ಹತ್ತು ಎಣಿಸಿ, ಆಮೇಲೆ ಪೂರ್ತಿ ತೆಗೆಯಿರಿ. ನಿಲ್ಲುವುದು ಬಾಗಿಲಿನ ಹಿಂದೆ, ಕೀಲಿನ ಬದಿಗೆ. ನೈಲಾನ್ ಜರ್ಕಿನ್, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಒಲೆ ಮುಂದೆ ಕೂರಬೇಡಿ.

ಬಾಗಿಲು ಗೋಡೆಯ ಯಾವ ಬದಿಗೆ ತೆರೆಯುತ್ತದೆ ಎನ್ನುವುದನ್ನೂ ಕಟ್ಟಿಸುವಾಗಲೇ ಯೋಚಿಸಿ. ಸೌದೆ ರಾಶಿಯ ಕಡೆಗೆ ತೆರೆದರೆ ಓಡಲು ಜಾಗ ಇರುವುದಿಲ್ಲ.

ಕೀಲು, ಚಿಲಕಕ್ಕೆ ಯಾವ ಎಣ್ಣೆ?

ಕೊಬ್ಬರಿ ಎಣ್ಣೆ, ಹಳೆಯ ಎಂಜಿನ್ ಆಯಿಲ್ ಎರಡೂ ಸುಟ್ಟು ಗೋಂದಾಗುತ್ತವೆ. ಗ್ರಾಫೈಟ್ ಪುಡಿ ಅಥವಾ ಗ್ರಾಫೈಟ್ ಗ್ರೀಸ್ ಹಾಕಿ. ಪೆನ್ಸಿಲ್ ಮೊನೆ ಅರೆದು ಹಾಕಿದರೂ ನಡೆಯುತ್ತದೆ, ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಹಾಗೇ ಮಾಡುವುದು.

ಬಾಗಿಲಿಗೆ ಯಾವ ಬಣ್ಣ ಹೊಡೆಸಬೇಕು?

ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಮತ್ತು ಎನಾಮೆಲ್ ಬಿಸಿಗೆ ಗುಳ್ಳೆ ಎದ್ದು ಉದುರುತ್ತವೆ, ವಾಸನೆಯೂ ಕೆಟ್ಟದ್ದು. ಶಾಖ ತಡೆಯುವ ಅಲ್ಯೂಮಿನಿಯಂ ಬಣ್ಣ ಅಥವಾ ಸಿಲಿಕೋನ್ ಇರುವ ಕಪ್ಪು ಬಣ್ಣ ಕೇಳಿ. ಡಬ್ಬಿಯ ಮೇಲೆ ಎಷ್ಟು ಡಿಗ್ರಿ ಎಂದು ಬರೆದಿರುತ್ತದೆ. ತುಕ್ಕು ಪೂರ್ತಿ ಉಜ್ಜಿ, ಎರಡು ತೆಳು ಕೋಟು ಸಾಕು. ದಪ್ಪ ಒಂದು ಕೋಟು ಉಪಯೋಗವಿಲ್ಲ. ಈ ಬಣ್ಣಗಳಲ್ಲಿ ಹೆಚ್ಚಿನವು ಬಿಸಿ ತಾಗಿದ ಮೇಲೆಯೇ ಗಟ್ಟಿಯಾಗುವುದು. ಹಾಗಾಗಿ ಬಣ್ಣ ಹೊಡೆದ ಮರುದಿನ ಸಣ್ಣ ಉರಿ, ಅದರ ಮರುದಿನ ಮಧ್ಯಮ ಉರಿ. ಬಾಗಿಲಿನ ಒಳಮೈಗೆ ಬಣ್ಣ ಹೊಡೆಯುವುದು ದುಡ್ಡು ದಂಡ.

ಮಾಡಿಗೆ ಹಂಚೇ? ಶೀಟೇ?

ನನ್ನ ಮತ ಹಂಚಿಗೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಹಂಚು ಘಟ್ಟ ಹತ್ತಿ ಬಂದು ನಮ್ಮ ಮನೆಗಳ ಮೇಲೆ ಕೂತಿದೆ. ಬೆಂಕಿಯಲ್ಲಿ ಸುಟ್ಟೇ ಮಾಡಿದ್ದಾದ್ದರಿಂದ ಕಿಡಿಗೆ ಹೆದರುವುದಿಲ್ಲ, ಬೂದಿ ಬಿದ್ದರೂ ತುಕ್ಕಿಲ್ಲ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಹೊಗೆಯೂ ಸಂದಿಯಲ್ಲಿ ತಾನಾಗಿ ಹೊರಟು ಹೋಗುತ್ತದೆ. ಕಷ್ಟ ಎಂದರೆ ಭಾರ, ಜೊತೆಗೆ ಕೋತಿಗಳು. ಕೆಳಗಿನ ರೀಪು, ಪಕಾಸು ಮರದ್ದಾದ್ದರಿಂದ ಬೆಂಕಿಯ ಹೆದರಿಕೆ ಅಲ್ಲೇ. ಆ ಮಾತು ಮುಂದೆ ಬರುತ್ತದೆ.

ಜಿಂಕ್ ಶೀಟ್ ಅಗ್ಗ, ಕೆಲಸ ಬೇಗ. ಬಾಯ್ಲರ್ ಮೇಲೆ ಈಗ ನಮ್ಮಲ್ಲಿರುವುದು ಅದೇ, ಕಬ್ಬಿಣದ ಆಂಗಲ್ ಚೌಕಟ್ಟಿನ ಮೇಲೆ. ಒಂದು ವಿಷಯ ಯಾರೂ ಹೇಳುವುದಿಲ್ಲ: ತಾಮ್ರದ ಪೈಪು ಅಥವಾ ತಾಮ್ರದ ಹಂಡೆಗೆ ತಾಗಿದ ನೀರು ಜಿಂಕ್ ಶೀಟಿನ ಮೇಲೆ ತೊಟ್ಟಿಕ್ಕಿದರೆ ಆ ಜಾಗದ ಸತು ಬೇಗ ತಿಂದುಹೋಗುತ್ತದೆ. ನನ್ನ ಮೊದಲ ಮಾಡು ಹಾಳಾದದ್ದು ಹಾಗೆ. ಗಾಳಿಕೊಳವೆ ತಾಮ್ರದ್ದು, ಅದರ ತುದಿ ಶೀಟಿನ ಮೇಲೆ, ಬಾಯ್ಲರ್ ಕುದಿದಾಗಲೆಲ್ಲ ಹನಿ. ಗೆರೆ ಎಳೆದಂತೆ ಉದ್ದಕ್ಕೆ ತೂತು ಬಿತ್ತು. ಕೊಳವೆಯ ತುದಿಯನ್ನು ಶೀಟಿನಿಂದಾಚೆ ಹೊರಕ್ಕೆ ಬಾಗಿಸಿದ್ದರೆ ಐದು ನಿಮಿಷದ ಕೆಲಸ.

ಅಲ್ಯೂಮಿನಿಯಂ ಶೀಟ್ ಮಳೆಗೆ ಒಳ್ಳೆಯದು, ಬೂದಿಗೆ ಕೆಟ್ಟದ್ದು. ಕ್ಷಾರ ಅದನ್ನು ತಿನ್ನುತ್ತದೆ. ಸಿಮೆಂಟ್ ಶೀಟ್, ಅಂದರೆ ಅಸ್ಬೆಸ್ಟಾಸ್ ಶೀಟ್, ಒಲೆಯ ಮೇಲೆ ಬೇಡವೇ ಬೇಡ. ಜೋರು ಬಿಸಿ ತಾಗಿದರೆ ಪಟಪಟನೆ ಸಿಡಿಯುತ್ತದೆ, ಕೊರೆದರೆ ಧೂಳು, ಮೇಲೆ ಕಾಲಿಟ್ಟರೆ ಒಡೆದು ಮನುಷ್ಯ ಕೆಳಗೆ. ಬೆಳಕಿಗೆಂದು ಫೈಬರ್ ಶೀಟ್ ಒಂದನ್ನು ನಡುವೆ ಹಾಕುವವರಿದ್ದಾರೆ. ಅದು ಪ್ಲಾಸ್ಟಿಕ್ ಸೇರಿದ್ದು, ಹತ್ತಿಕೊಳ್ಳುತ್ತದೆ. ಒಲೆಯಿಂದ ದೂರದ ಮೂಲೆಗಾದರೆ ಪರವಾಗಿಲ್ಲ.

ಇಳಿಜಾರು ಮತ್ತು ಸೂರು ಎಷ್ಟಿರಬೇಕು?

ನೀವು ಯಾವ ಕಡೆಯವರು ಎನ್ನುವುದರ ಮೇಲಿದೆ. ಕುಶಾಲನಗರದ ಮಳೆಗೂ ಭಾಗಮಂಡಲದ ಮಳೆಗೂ ಹೋಲಿಕೆಯೇ ಇಲ್ಲ. ಒಂದೇ ಜಿಲ್ಲೆಯೊಳಗೆ ಹಲವು ಪಟ್ಟು ವ್ಯತ್ಯಾಸ. ನಮ್ಮ ಕಡೆ ಶೀಟಿಗೆ ಹತ್ತು ಅಡಿಗೆ ಎರಡೂವರೆ ಮೂರು ಅಡಿ ಇಳಿಜಾರು ಕೊಡುತ್ತೇವೆ. ಹಂಚಿಗೆ ಇನ್ನೂ ಕಡಿದು ಬೇಕು, ಹತ್ತಕ್ಕೆ ಆರರ ಹತ್ತಿರ. ಶೀಟಿನ ಮೇಲೆ ಶೀಟು ಉದ್ದಕ್ಕೆ ಒಂಬತ್ತು ಇಂಚು ಹೊದೆಯಲಿ, ಪಕ್ಕಕ್ಕೆ ಒಂದೂವರೆ ಅಲೆ. ಅಂಗಡಿಯವರು ಒಂದೇ ಅಲೆ ಸಾಕು ಎನ್ನುತ್ತಾರೆ, ಆಷಾಢದ ಗಾಳಿಗೆ ಸಾಲದು.

ಬಾಗಿಲಿನ ಮುಂದೆ ಸೂರು ನಾಲ್ಕು ಅಡಿಯಾದರೂ ಹೊರಬರಲಿ. ಮಳೆ ನೇರ ಬೀಳುವುದಿಲ್ಲ, ಪಶ್ಚಿಮದಿಂದ ಓರೆಯಾಗಿ ಹೊಡೆಯುತ್ತದೆ. ಒಲೆಯ ಬಾಯಿ ಆ ದಿಕ್ಕಿಗಿದ್ದರೆ ಎಷ್ಟು ಸೂರು ಇದ್ದರೂ ಸಾಲದು, ಪಕ್ಕಕ್ಕೊಂದು ಶೀಟಿನ ಮರೆ ಬೇಕು. ಮೊದಲೆಲ್ಲ ಬಿದಿರಿನ ತಟ್ಟಿ ಕಟ್ಟುತ್ತಿದ್ದರು. ತಟ್ಟಿಯನ್ನು ಒಲೆಗೆ ತೀರ ಹತ್ತಿರ ಕಟ್ಟಬೇಡಿ ಅಷ್ಟೆ.

ಸೂರಿನ ನೀರು ಬೀಳುವ ಜಾಗದಲ್ಲಿ ಕಲ್ಲು ಹಾಸಿ ಇಲ್ಲವೇ ದಂಬೆ ಕಟ್ಟಿ. ಇಲ್ಲದಿದ್ದರೆ ನೆಲದಿಂದ ಎರಚಿದ ಕೆಸರು ಬಾಗಿಲಿನ ಕೆಳ ಅಂಚಿಗೇ ಬಡಿಯುತ್ತದೆ. ಇಷ್ಟು ಮಾಡಿಯೂ ತುಕ್ಕು ಹಿಡಿಯುತ್ತದಲ್ಲ ಎಂದು ಕೇಳಿದ ನಾಲ್ಕೈದು ಜನರ ಮನೆಯಲ್ಲಿ ನೋಡಿದಾಗ ಕಾರಣ ಇದೇ ಆಗಿತ್ತು.

ಚಿಮಣಿ ಮಾಡನ್ನು ತೂರಿ ಹೋಗುವಲ್ಲಿ ಸೋರುತ್ತದೆ. ಎಷ್ಟು ಸಿಮೆಂಟ್ ಮೆತ್ತಿದರೂ ನಿಲ್ಲುವುದಿಲ್ಲ.

ನಿಲ್ಲುವುದೇ ಇಲ್ಲ, ಏಕೆಂದರೆ ಚಿಮಣಿ ದಿನಾ ಬೆಳೆಯುತ್ತದೆ, ಕುಗ್ಗುತ್ತದೆ. ಕಬ್ಬಿಣ 100 ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಮೂರು ಮೀಟರಿನ ಪೈಪು 200 ಡಿಗ್ರಿ ಏರಿದರೆ ಏಳು ಮಿಲಿಮೀಟರ್. ಸಿಮೆಂಟ್ ಅಷ್ಟು ಎಳೆದಾಟ ತಾಳುತ್ತದೆಯೇ? ಮೊದಲ ಉರಿಗೇ ಬಿರುಕು. ಡಾಂಬರು ಕರಗಿ ಇಳಿಯುತ್ತದೆ, ಹತ್ತಿಕೊಳ್ಳಲೂಬಹುದು. ಎಂ-ಸೀಲ್ ಸುಟ್ಟು ಪುಡಿಯಾಗುತ್ತದೆ.

ಸರಿಯಾದ ದಾರಿ ಅಂಟಿಸುವುದಲ್ಲ, ಹೊದಿಸುವುದು. ಮಾಡಿನ ತೂತು ಪೈಪಿಗಿಂತ ದೊಡ್ಡದಿರಲಿ. ಅದರ ಸುತ್ತ, ಮೇಲಕ್ಕೆ ನಿಂತ ಕುತ್ತಿಗೆ ಇರುವ ತಗಡಿನ ತಟ್ಟೆಯೊಂದನ್ನು ಮಾಡಿಸಿ. ತಟ್ಟೆಯ ಮೇಲಂಚು ಮೇಲಿನ ಶೀಟಿನ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಶೀಟಿನ ಮೇಲೆ ಕೂರಬೇಕು. ಹಂಚು ಹೊದಿಸುವ ಕ್ರಮವೇ. ಪೈಪು ಆ ಕುತ್ತಿಗೆಯ ನಡುವೆ ತಾಗದೆ ಮೇಲೆ ಹೋಗಲಿ. ಕುತ್ತಿಗೆಯಿಂದ ಎರಡು ಇಂಚು ಮೇಲೆ ಪೈಪಿಗೆ ಒಂದು ತಗಡಿನ ಕೊಡೆ ಬಿಗಿದು, ಕೊಡೆ ಮತ್ತು ಪೈಪಿನ ಸಂದಿಗೆ ಮಾತ್ರ ಹೆಚ್ಚು ಶಾಖ ತಡೆಯುವ ಕೆಂಪು ಸಿಲಿಕೋನ್ ಹಾಕಿ. ಈಗ ಪೈಪು ಎಷ್ಟು ಬೇಕಾದರೂ ಹಿಗ್ಗಲಿ, ಕೊಡೆ ಅದರ ಜೊತೆ ಏರುತ್ತದೆ, ಇಳಿಯುತ್ತದೆ, ನೀರು ಕುತ್ತಿಗೆಯ ಹೊರಗೇ ಬೀಳುತ್ತದೆ.

ರಬ್ಬರ್ ಬೂಟು ಎಂದು ಸಿದ್ಧವಾಗಿ ಸಿಗುವುದೂ ಉಂಟು. ಕಪ್ಪು ರಬ್ಬರಿನದು ನೂರು ಡಿಗ್ರಿಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ, ಸಿಲಿಕೋನಿನದು ಸುಮಾರು 200 ಡಿಗ್ರಿವರೆಗೆ. ಒಲೆಯ ಚಿಮಣಿಗೆ ಕಪ್ಪು ಬೂಟು ಹಾಕಿದರೆ ಒಂದೇ ವಾರದಲ್ಲಿ ಕರಗಿದ ವಾಸನೆ ಬರುತ್ತದೆ.

ಪೈಪಿನ ತುಂಡುಗಳನ್ನು ಜೋಡಿಸುವಾಗ ಮೇಲಿನದರ ಬಾಯಿ ಕೆಳಗಿನದರ ಒಳಗೆ ಇಳಿಯಬೇಕು. ಉಲ್ಟಾ ಜೋಡಿಸಿದರೆ ಒಳಗಿನ ಕಪ್ಪು ನೀರು ಸಂದಿಯಿಂದ ಹೊರಬಂದು ಮಾಡಿನ ಮೇಲೆ, ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಬಹಳ ಜನ ಇದನ್ನು ಮಳೆ ಸೋರಿಕೆ ಎಂದುಕೊಂಡು ಮಾಡನ್ನು ಬೈಯುತ್ತಾರೆ. ಹನಿ ಬೆರಳಿಗೆ ಅಂಟಿದರೆ ಅದು ಮಳೆಯಲ್ಲ.

ಜಿ.ಐ. ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ಒಲೆಗೆ ತಾಗಿದಂತೆ ಹಾಕಬೇಡಿ. ಸತು 419 ಡಿಗ್ರಿಗೆ ಕರಗುತ್ತದೆ, ಅತಿ ಬಿಸಿಯಾದರೆ ಬರುವ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಮೊದಲ ತುಂಡು ದಪ್ಪ ಕಪ್ಪು ಕಬ್ಬಿಣದ್ದಿರಲಿ.

ಚಿಮಣಿಯಿಂದ ಮರದ ಪಕಾಸಿಗೆ ಎಷ್ಟು ದೂರ ಬೇಕು?

ಒಂಟಿ ಪೈಪಾದರೆ ಒಂದೂವರೆ ಅಡಿ. ಮರ ಬೆಂಕಿ ತಾಗದಿದ್ದರೂ ವರ್ಷಗಟ್ಟಲೆ ಬಿಸಿ ತಿಂದು ಒಣಗಿ, ಕೊನೆಗೆ ಕಡಿಮೆ ಬಿಸಿಗೇ ಹತ್ತಿಕೊಳ್ಳುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಎನ್ನುವುದು ಇಲ್ಲಿ ಸಮಾಧಾನದ ಮಾತಲ್ಲ. ಅಷ್ಟು ಜಾಗವಿಲ್ಲದಿದ್ದರೆ ಆ ಪಕಾಸನ್ನು ಕತ್ತರಿಸಿ ಪಕ್ಕಕ್ಕೆ ಅಡ್ಡ ಕಟ್ಟಿಸಿ. ಮರದ ಮುಂದೆ ಒಂದು ಇಂಚು ಗಾಳಿ ಬಿಟ್ಟು ತಗಡು ಹೊಡೆಸಿದರೆ ಬಿಸಿ ಇನ್ನಷ್ಟು ಕಡಿಮೆಯಾಗುತ್ತದೆ. ಮರಕ್ಕೆ ಅಂಟಿಸಿ ಹೊಡೆದ ತಗಡಿನಿಂದ ಏನೂ ಪ್ರಯೋಜನವಿಲ್ಲ.

ಸ್ಕ್ರೂ ಸುತ್ತಲೇ ತುಕ್ಕು, ಅಲ್ಲೇ ಸೋರಿಕೆ?

ವಾಷರ್ ಹೋಗಿದೆ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂವನ್ನು ಮೆಷಿನ್ನಿನಲ್ಲಿ ಅತಿ ಬಿಗಿ ಮಾಡಿದರೆ ರಬ್ಬರ್ ಪಕ್ಕಕ್ಕೆ ಉಬ್ಬಿ ಹರಿಯುತ್ತದೆ. ಅಲೆಯ ಮೇಲ್ತುದಿಯಲ್ಲಿ ಹಾಕಿ, ರಬ್ಬರ್ ಒತ್ತಿದ ಕೂಡಲೇ ನಿಲ್ಲಿಸಿ. ಶೀಟು ಕೊರೆದಾಗ ಬಿದ್ದ ಕಬ್ಬಿಣದ ಚೂರುಗಳನ್ನು ಅದೇ ಸಂಜೆ ಗುಡಿಸಿ, ಅವು ತುಕ್ಕು ಹಿಡಿದು ಶೀಟಿಗೂ ಕಲೆ ಮಾಡುತ್ತವೆ.

ಮಾಡಿನ ಮೇಲಿನ ಎಲೆ, ಪಾಚಿ?

ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ. ಶೀಟಿನ ಅಲೆಗಳಲ್ಲಿ, ಚಿಮಣಿಯ ಮೇಲ್ಬದಿಯಲ್ಲಿ ಒತ್ತಿಕೊಂಡು ಕೂರುತ್ತದೆ. ಬೇಸಿಗೆಯಲ್ಲಿ ಅದು ಬೆಂಕಿಕಡ್ಡಿ, ಮಳೆಯಲ್ಲಿ ಅಣೆಕಟ್ಟು. ಫೆಬ್ರವರಿ ಕೊನೆಗೊಮ್ಮೆ, ಮೇ ಮಧ್ಯಕ್ಕೊಮ್ಮೆ ಗುಡಿಸಿ. ಪಾಚಿಯನ್ನು ಗಟ್ಟಿ ಬ್ರಷ್ ಮತ್ತು ನೀರಿನಿಂದ ತೆಗೆಯಿರಿ, ಕತ್ತಿಯಿಂದ ಕೆರೆದರೆ ಸತು ಹೋಗುತ್ತದೆ. ಒದ್ದೆ ಮಾಡಿನ ಮೇಲೆ ಹತ್ತುವುದು ಬೇಡ. ಏಣಿಯ ಮೇಲೆ ನಿಂತು ಉದ್ದ ಕೋಲಿಗೆ ಬ್ರಷ್ ಕಟ್ಟಿ ಮಾಡಿ.

ಮಾಡಿನ ದುರಸ್ತಿಗೆ ಯಾವ ತಿಂಗಳು ಒಳ್ಳೆಯದು?

ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ. ಏಪ್ರಿಲ್ ಸಂಜೆಗಳಲ್ಲಿ ಗುಡುಗು, ಆಲಿಕಲ್ಲು ಇರುತ್ತದೆ, ಬೆಳಗ್ಗೆಯೇ ಮುಗಿಸಿಕೊಳ್ಳಿ. ಮೇ ಕೊನೆಯ ವಾರ ಕೆಲಸದವರನ್ನು ಕರೆದರೆ ಇಡೀ ಕೊಡಗಿನ ಮಾಡು ಸೋರುತ್ತಿರುತ್ತದೆ, ಯಾರೂ ಸಿಗುವುದಿಲ್ಲ.

ಮಳೆಗಾಲಕ್ಕೆ ಒಲೆ ನಿಲ್ಲಿಸುತ್ತೇವೆ. ಹೇಗೆ ಮುಚ್ಚಿಡಬೇಕು?

ಮೊದಲು ಬೂದಿ ಪೂರ್ತಿ ತೆಗೆಯಿರಿ. ಮೂಲೆಯದು, ಹೊಸ್ತಿಲ ಸಂದಿಯದು, ಬಾಗಿಲಿನ ಗಾಡಿಯದು, ಎಲ್ಲವೂ. ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವಂತವಿರಬಲ್ಲದು, ಅದನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹಾಕಿ, ಗೊಬ್ಬರದ ಚೀಲಕ್ಕಲ್ಲ. ತಣಿದ ಮೇಲೆ ಕಾಫಿ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕಬಹುದು, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದೇ.

ಆಮೇಲೆ ಒಳಮೈಯನ್ನು ತಂತಿ ಬ್ರಷ್‌ನಿಂದ ಕೆರೆದು ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಇಲ್ಲಿ ಹಳೆಯ ಎಣ್ಣೆ ನಡೆಯುತ್ತದೆ, ಉರಿ ಇಲ್ಲವಲ್ಲ. ಹಗ್ಗಕ್ಕೆ ಮಾತ್ರ ಎಣ್ಣೆ ತಾಗಿಸಬೇಡಿ. ಚಿಮಣಿಯ ತುದಿಗೆ ಬಕೆಟ್ ಕವಚಿ ಕಟ್ಟಿ. ಅದಕ್ಕೆ ಕೆಂಪು ಬಟ್ಟೆಯೊಂದನ್ನು ಕಟ್ಟಿ, ಅದರದೇ ಇನ್ನೊಂದು ತುಂಡನ್ನು ಬಾಗಿಲಿನ ಹಿಡಿಗೂ ಕಟ್ಟಿ, ಮುಂದೆ ಉರಿ ಹಾಕುವವರಿಗೆ ನೆನಪಾಗಲು. ಬಾಗಿಲಿಗೆ ಚಿಲಕ ಹಾಕಬೇಡಿ. ಒಂದು ಬೆರಳು ಸಂದಿ ಬಿಟ್ಟು ಕಲ್ಲು ಒತ್ತಿಡಿ. ಗಾಳಿಯಾಡಿದರೆ ಹಗ್ಗ ಚಪ್ಪಟೆಯಾಗುವುದಿಲ್ಲ, ಒಳಗೆ ಬೆವರೂ ನಿಲ್ಲುವುದಿಲ್ಲ.

ನೀಲಿ ಟಾರ್ಪಾಲ್ ಹೊದಿಸಿ ಕಟ್ಟಿದರೆ ಸಾಲದೇ?

ಅದೇ ನನ್ನ ಎರಡನೇ ಮಾಡಿನ ಕಥೆ. ಚಿಮಣಿ ಬುಡ ಸೋರುತ್ತದೆಂದು ಮಾಡು, ಒಲೆ ಎರಡಕ್ಕೂ ಸೇರಿಸಿ ಟಾರ್ಪಾಲ್ ಬಿಗಿದೆ. ನಾಲ್ಕು ತಿಂಗಳು ಕಳೆದು ಬಿಚ್ಚಿದಾಗ ಶೀಟಿನ ಅಡಿಭಾಗ ಬಿಳಿ ಪುಡಿ, ಬಾಗಿಲು ಇಟ್ಟಿಗೆ ಬಣ್ಣ. ಟಾರ್ಪಾಲ್ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ತೇವವನ್ನು ಹೋಗಲು ಬಿಡುವುದಿಲ್ಲ. ಕಟ್ಟಲೇಬೇಕಾದರೆ ಒಲೆಗೆ ತಾಗದಂತೆ ಅಡ್ಡಗಳು ಕೊಟ್ಟು, ಎರಡು ಬದಿ ತೆರೆದು ಕಟ್ಟಿ.

ಒಲೆಯ ಕೊಟ್ಟಿಗೆ ಬರೆಗೆ (ಕಡಿದ ಗುಡ್ಡದ ಬದಿಗೆ) ಒತ್ತಿಕೊಂಡಿದೆ. ತೊಂದರೆಯೇ?

ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಒಲೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಆದರೆ ಬರೆಯಿಂದ ಜಿನುಗುವ ನೀರನ್ನು ಮಾಡು ತಡೆಯಲಾರದು. ಹಿಂದೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ಮೇಲೆ ನಾವು ಸೌದೆ ಕೊಟ್ಟಿಗೆಯನ್ನೇ ಬರೆಯಿಂದ ದೂರಕ್ಕೆ ಸಾಗಿಸಿದೆವು. ಬರೆಯಲ್ಲಿ ಹೊಸ ಬಿರುಕು ಕಂಡರೆ, ಜಿನುಗುವ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಒಲೆ, ಬಾಗಿಲು ಎಲ್ಲ ಬಿಟ್ಟು ಅಲ್ಲಿಂದ ದೂರ ಹೋಗಿ.

ನಿಂತ ಒಲೆಗೆ ಮತ್ತೆ ಮೊದಲ ಉರಿ ಹಾಕುವಾಗ ಏನು ನೋಡಬೇಕು?

ಬಕೆಟ್ ತೆಗೆದಿರಾ? ನಗಬೇಡಿ, ಕೆಂಪು ಬಟ್ಟೆ ಕಟ್ಟುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲಿಗೆ, ನಾವು ಗೂಡಿಗೆ ಉರಿ ಹಾಕುವುದು. ಅಷ್ಟರಲ್ಲಿ ಚಿಮಣಿಯೊಳಗೆ ಕಣಜ ಗೂಡು ಕಟ್ಟಿರುತ್ತದೆ, ಬೂದಿ ಕಿಂಡಿಯಲ್ಲಿ ಬೆಚ್ಚಗೆ ಯಾರಾದರೂ ಮಲಗಿರುತ್ತಾರೆ. ಕೈ ಹಾಕುವ ಮೊದಲು ಟಾರ್ಚ್, ಆಮೇಲೆ ಕೋಲು, ಕೊನೆಗೆ ಕೈ. ಒಮ್ಮೆ ನಮ್ಮ ಬಾಯ್ಲರ್ ಬಾಗಿಲಿನ ಹಿಂದೆ ಕೇರೆ ಹಾವು ಸುರುಳಿ ಸುತ್ತಿ ಕೂತಿತ್ತು. ಅದು ಹೊರಡಲು ಒಂದು ಗಂಟೆ ತೆಗೆದುಕೊಂಡಿತು, ಅಷ್ಟು ಹೊತ್ತು ಅತಿಥಿಗಳು ತಣ್ಣೀರು ಸ್ನಾನ.

ಹಗ್ಗಕ್ಕೆ ಮತ್ತೊಮ್ಮೆ ಕಾಗದದ ಪರೀಕ್ಷೆ ಮಾಡಿ. ನಂತರ ಚಿಮಣಿಯ ಬುಡದಲ್ಲಿ ಒಂದು ಕಾಗದ ಉರಿಸಿ, ಹೊಗೆ ಮೇಲಕ್ಕೆ ಎಳೆದುಕೊಂಡರೆ ಸೌದೆ ಇಡಿ. ಮೊದಲ ದಿನ ಪುರುಳೆ, ಸಣ್ಣ ಚಕ್ಕೆ ಮಾತ್ರ. ತೇವ ಹಿಡಿದ ಇಟ್ಟಿಗೆಗೆ ಒಮ್ಮೆಲೇ ದೊಡ್ಡ ಉರಿ ಹಾಕಿದರೆ ಬಿರುಕು ಬಿಡುತ್ತದೆ. ಸವರಿದ್ದ ಎಣ್ಣೆ ಒಂದಷ್ಟು ಹೊತ್ತು ವಾಸನೆ ಬರುತ್ತದೆ, ಅದು ಹೋಗುವವರೆಗೆ ಗೂಡಿನೊಳಗೆ ಏಲಕ್ಕಿ ಹರಡಬೇಡಿ.